ಪಾಲಿನ ಎಮ್ಮೆ

ನಮ್ಮದು ಅನ್ನುವಂಥ ಅಂಗೈ ಅಗಲದ ಹೊಲವೂ ನಮಗಿರಲಿಲ್ಲ. ಅಪ್ಪ, ಅವ್ವ ಇಬ್ಬರೂ ಅಕ್ಕಿಆಲೂರಿನ ಸುತ್ತಲಿನ ಭತ್ತದ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದರು. ಹೀಗಿರುವಾಗ ಊರ ಗೌಡರ ಹೆಂಡತಿ, ನಾವೆಲ್ಲ ಗೌಡಶ್ಯಾನಿ ಅನ್ನುತ್ತಿದ್ದವರು, ಒಂದು ಎಮ್ಮೆಕರುವನ್ನು ಅವ್ವನಿಗೆ ಪಾಲಿಗೆ ಕೊಟ್ಟರು. ಕರು ಅವರದು, ಮೇವು ಚಾಕರಿ ನಮ್ಮದು. ಅದು ಬೆಳೆದು ಈದ ಮೇಲೆ ಸಾಕಿದವರು ಬೆಲೆ ಹೇಳಬೇಕು, ಕೊಟ್ಟವರು ಆರಿಸಬೇಕು. ಅರ್ಧ ಬೆಲೆ ನಮಗೆ ಕೊಟ್ಟು ಎಮ್ಮೆ ಒಯ್ಯಬಹುದು, ಇಲ್ಲವೇ ಅರ್ಧ ಬೆಲೆ ನಮ್ಮಿಂದ ತಗೊಂಡು ಎಮ್ಮೆ ಬಿಡಬಹುದು. ಹೇಳಿದ್ದು ಒಂದೇ ಮಾತು, ಚೌಕಾಸಿ ಇಲ್ಲ.

ಪಾಲಿಗೆ ಬಂದದ್ದು ಪಂಚಾಮೃತ ಎಂದು ಅಪ್ಪ ನಕ್ಕ. ಹುಲ್ಲು ಕೊಯ್ಯುವ ಪಂಚಾಮೃತ ಮಾತ್ರ ನನ್ನ ಪಾಲಿಗೆ ಬಂತು. ಶಾಲೆ ಬಿಟ್ಟೊಡನೆ ಕುಡುಗೋಲು ಹಿಡಿದು ಕಂಡವರ ಗದ್ದೆಯ ಬದುವಿಗೆ ಹೋಗುತ್ತಿದ್ದೆ. ಆ ಕರು ಬಕಾಸುರನ ವಂಶದ್ದು, ಅದರ ಮೇಲೆ ನನಗೆ ಸಿಟ್ಟಿತ್ತು. ಅವ್ವ ಮಾತ್ರ ಬೆಳಿಗ್ಗೆ ನನ್ನನ್ನು ಎಬ್ಬಿಸುವ ಮೊದಲು ಅದರ ಮೈ ಸವರಿ ಬರುತ್ತಿದ್ದಳು.

ಎಮ್ಮೆ ಈಯಿತು, ಹೆಣ್ಣುಕರು. ಬೆಲೆ ಹೇಳುವ ದಿನ ಬಂತು. ಅಪ್ಪ ಹಾನಗಲ್ಲಿನ ದಲಾಲಿಗಳನ್ನು ವಿಚಾರಿಸಿಕೊಂಡು ಬಂದು, ಕಡಿಮೆ ಹೇಳು, ಅರ್ಧ ಕೊಡುವುದು ನಮ್ಮ ಕೈಲಾಗಬೇಕಲ್ಲ ಎಂದ. ನನಗೂ ಅದೇ ಸರಿ ಅನ್ನಿಸಿತು. ಅವ್ವ ಎದ್ದು ಎಮ್ಮೆಗೆ ನೀರಿಡಲು ಹೋದಳು.

ಗೌಡಶ್ಯಾನಿ ನಮ್ಮ ಅಂಗಳಕ್ಕೆ ಬಂದು ಎಮ್ಮೆಯ ಸುತ್ತ ತಿರುಗಿದರು, ಕೆಚ್ಚಲು ನೋಡಿದರು, ಕಟ್ಟೆಯ ಮೇಲೆ ಕುಳಿತರು. ಅವರಿಗೆ ಎಮ್ಮೆಯ ಮೇಲೆ ಆಸೆಯಾಗಿದೆ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಅವ್ವ ಬೆಲೆ ಹೇಳಿದಳು. ಅಪ್ಪ ಕೈಲಿದ್ದ ಚಹದ ಕಪ್ಪು ಕೆಳಗಿಟ್ಟ.

"ಇಷ್ಟ ರೊಕ್ಕಕ್ಕ ಎರಡ ಎಮ್ಮಿ ಬರ್ತಾವಲ್ಲ," ಎಂದರು ಗೌಡಶ್ಯಾನಿ.

"ಬರ್ತಾವ್ರಿ," ಎಂದಳು ಅವ್ವ. "ಇದು ಬರೂದಿಲ್ಲ."

ಆ ಬೆಲೆಯಲ್ಲಿ ಅರ್ಧ ಕೊಟ್ಟು ಒಯ್ದರೆ ಊರು ನಗುತ್ತಿತ್ತು. ಅವರು ಎಮ್ಮೆ ಬಿಟ್ಟರು, ತಮ್ಮ ಪಾಲನ್ನು ನಾವು ಡೇರಿಯ ಹಾಲಿನ ದುಡ್ಡಿನಲ್ಲಿ ತೀರಿಸಿದರಾಯಿತು ಎಂದು ಒಪ್ಪಿದರು. ನಾವೇ ಸಾಕಿದ ಎಮ್ಮೆಗೆ ಸಂತೆಯಲ್ಲಿ ಕೊಂಡಷ್ಟು ದುಡ್ಡು ತೆತ್ತಂತಾಯಿತು, ಸಾಕಿದ್ದು ಪುಕ್ಕಟೆ ಎಂದು ಅಪ್ಪ ಗೊಣಗಿದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಹಾಲೆಲ್ಲ ಡೇರಿಗೆ ಹೋಗಿ, ನಮ್ಮ ಬಾಯಿಗೆ ಮೊಸರು ಬರಲು ಬಹಳ ದಿನ ಹಿಡಿಯಿತು. ಆದರೂ ನನಗೆ ಹಿಗ್ಗು. ನಮ್ಮದು ಅನ್ನುವಂಥದ್ದೊಂದು ಮೊದಲ ಸಲ ಅಂಗಳದಲ್ಲಿ ನಿಂತು ಬಾಲ ಬೀಸುತ್ತಿತ್ತು. ಹುಲ್ಲು ಕೊಯ್ಯಲು ಯಾರೂ ನನಗೆ ಹೇಳಬೇಕಾಗಲಿಲ್ಲ.

ಈಗ ಅದರ ಮಕ್ಕಳು ಮೊಮ್ಮಕ್ಕಳಿಂದ ಕೊಟ್ಟಿಗೆ ತುಂಬಿದೆ. ಒಂದು ಕರುವನ್ನು ಅವ್ವ ಹಿಂದಿನ ಓಣಿಯ, ಹೊಲ ಇಲ್ಲದ ಮನೆಯ ಸೊಸೆಗೆ ಪಾಲಿಗೆ ಕೊಟ್ಟಿದ್ದಳು. ಮೊನ್ನೆ ಅದೂ ಈಯಿತು. ಬೆಲೆ ಹೇಳುವ ಮುಂಚೆ ಆಕೆ ನಮ್ಮ ಮನೆಗೆ ಬಂದು, ಎಷ್ಟು ಹೇಳಲಿ ಎಂದು ಅವ್ವನನ್ನೇ ಕೇಳಿದಳು. ಎದುರು ಪಾರ್ಟಿಯನ್ನೇ ಸಲಹೆ ಕೇಳುವ ಇಂಥ ಹುಚ್ಚಿಯನ್ನು ನಾನು ನೋಡಿರಲಿಲ್ಲ.

ಅವ್ವ ಆಕೆಯನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಸಸ್ತಾ ಮಾತ್ರ ಹೇಳಬ್ಯಾಡವಾ. ಹೇಳಿದ್ರ ಎಮ್ಮಿ ನಾನ ಹೊಡಕೊಂಡ ಬರ್ತೇನಿ."

ಆಕೆ ನಕ್ಕಳು. ಅವ್ವ ನಗಲಿಲ್ಲ.