ಹಂಡೆಯ ಕಾನೂನು

ಮಾಲೂರಿನ ನಮ್ಮ ಮನೆಯಲ್ಲಿ ಬಿಸಿನೀರಿಗೆ ಒಂದು ಕಾನೂನಿತ್ತು. ಹಂಡೆಯಿಂದ ಒಂದು ಚೊಂಬು ಬಿಸಿನೀರು ತೆಗೆದವರು ಅದಕ್ಕೆ ಒಂದು ಚೊಂಬು ತಣ್ಣೀರು ಸುರಿಯಬೇಕು. ಕಾನೂನು ಮಾಡಿದವರು ನಮ್ಮಪ್ಪ. ಎಲ್ಲರಿಗಿಂತ ಮೊದಲು ಸ್ನಾನ ಮಾಡುತ್ತಿದ್ದವರೂ ಅವರೇ. ಅವರದು ಮುಗಿದ ಕೂಡಲೇ ಒಲೆಯ ಉರಿ ತಗ್ಗಿಸಬೇಕೆಂಬುದು ಇನ್ನೊಂದು ಕಾನೂನು. ನಮ್ಮ ಮನೆಯ ಹಂಡೆ ಎಂದೂ ಖಾಲಿಯಾಗುವುದಿಲ್ಲ ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ನಿಜವೇ. ಅಪ್ಪನದಾದ ಮೇಲೆ ಇಬ್ಬರು ಅಣ್ಣಂದಿರು, ಆಮೇಲೆ ಅಕ್ಕ, ಆಮೇಲೆ ಕೊನೆಯ ಮಗಳಾದ ನಾನು. ಅಮ್ಮನ ಸರದಿ ಬರುವ ಹೊತ್ತಿಗೂ ಹಂಡೆ ತುಂಬಿಯೇ ಇರುತ್ತಿತ್ತು, ಬಾವಿಯ ನೀರಿನಷ್ಟೇ ತಣ್ಣಗೆ.

ಅಪ್ಪ ಬೆಂಗಳೂರಿನ ಆಫೀಸಿಗೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಬೆಳಗಿನ ರೈಲು ಹಿಡಿಯುವ ಗಂಡಸು ತಣ್ಣೀರು ಹುಯ್ದುಕೊಂಡರೆ ದಾರಿಯಲ್ಲೇ ನೆಗಡಿಯಾಗುತ್ತದೆಂಬುದು ಅವರ ನಂಬಿಕೆ. ಅದೇ ತಣ್ಣೀರು ಹೆಂಗಸರ ರಕ್ತ ಶುದ್ಧಿ ಮಾಡುತ್ತದೆಂಬುದೂ ಅವರ ನಂಬಿಕೆಯೇ. ಇಷ್ಟೊಂದು ವೈದ್ಯ ಎಲ್ಲಿ ಕಲಿತರೋ, ರೈಲಿನಲ್ಲಿ ಇಸ್ಪೀಟು ಆಡುವಾಗ ಕಲಿತಿರಬೇಕು.

ಸುತ್ತಲಿನ ಇಟ್ಟಿಗೆ ಗೂಡುಗಳು ಸೌದೆಯನ್ನೆಲ್ಲ ನುಂಗಿ, ಊರಿನಲ್ಲಿ ಸೌದೆ ತುಟ್ಟಿಯಾಗಿತ್ತು. ಅಪ್ಪ ಟವೆಲು ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು, ಮೈಯಿಂದ ಹಬೆ ಏಳುತ್ತಿರುವಾಗಲೇ ಉಪದೇಶ ಶುರು ಮಾಡುತ್ತಿದ್ದರು.

"ಸೌದೆ ಏನ್ ಪುಕ್ಕಟೆ ಬರುತ್ತಾ? ನೋಡ್ಕೊಂಡು ಉರಿ ಹಾಕ್ರಿ."

ಪುಕ್ಕಟೆಯೇ ಬರುತ್ತಿತ್ತು, ಅವರ ಪಾಲಿಗೆ. ಒಲೆಗೆ ಬೀಳುತ್ತಿದ್ದದ್ದು ಅಮ್ಮ ಗುಡಿಸಿ ತಂದ ನೀಲಗಿರಿ ಎಲೆ, ರೇಷ್ಮೆ ಸಾಕುವವರನ್ನು ಕೇಳಿ ತಲೆಯ ಮೇಲೆ ಹೊತ್ತು ತಂದ ಹಿಪ್ಪುನೇರಳೆ ಕಡ್ಡಿ. ನೀರು ಸೇದುತ್ತಿದ್ದವಳೂ ಅವಳೇ. ಅಪ್ಪ ಖರ್ಚು ಮಾಡುತ್ತಿದ್ದದ್ದು ಮಾತು ಮಾತ್ರ.

ಎಂಬತ್ತರ ದಶಕದ ಮೊದಲಲ್ಲಿ, ಒಂದು ಚಳಿಗಾಲ, ಅಕ್ಕ ಬಾಣಂತನಕ್ಕೆ ಬಂದಳು. ಬಾಣಂತಿಯ ನೀರಿಗೆ ಯಾರ ಕಾನೂನೂ ನಡೆಯುವುದಿಲ್ಲ. ಸುಡುಸುಡುವ ನೀರು, ಒಂದು ಹಂಡೆ ಪೂರ್ತಿ, ಬೆನ್ನಿಗೂ ಸೊಂಟಕ್ಕೂ ಬಿಡಬೇಕು. ನಮ್ಮ ಕಡೆ ಹೆಂಗಸಿಗೆ ಇಡೀ ಹಂಡೆ ಸಿಗುವುದು ಹೆತ್ತಾಗ ಮಾತ್ರ. ಅಪ್ಪ ಒಲೆಯ ಕಡೆ ನೋಡಿ ಲೊಚಗುಟ್ಟಿದರೇ ಹೊರತು ಬಾಯಿ ಬಿಡಲಿಲ್ಲ. ಬೀಗರ ಕಿವಿಗೆ ಬಿದ್ದೀತೆಂಬ ಭಯ.

ಆ ಚಳಿಗೆ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ಬಗ್ಗಿದರೆ ಏಳಲು ಗೋಡೆ ಬೇಕು. ಹಾಗೆಯೇ ಅಕ್ಕನಿಗೆ ಬಿಸಿನೀರು ಹಾಕಿ, ತಾನು ಮಾತ್ರ ತಣ್ಣೀರು ಹುಯ್ದುಕೊಳ್ಳುತ್ತಿದ್ದಳು. ಅಕ್ಕ ಒಂದೆರಡು ದಿನ ನೋಡಿದಳು. ಅಪ್ಪನಿಗೆ ರಜೆಯಿದ್ದ ಬೆಳಿಗ್ಗೆ, ಅವರು ಪೇಪರು ಓದುತ್ತಿರುವಾಗ, ಹೋಗಿ ಎದುರಿಗೆ ನಿಂತಳು.

"ಅಪ್ಪಾ, ನಂಗೆ ಒಂದು ಹಂಡೆ ನೀರು ಸಾಲ್ತಾ ಇಲ್ಲ. ಇವತ್ತಿಂದ ಎರಡು ಬೇಕು."

ಅಪ್ಪ ಮುಖ ಸಿಂಡರಿಸಿ, "ಕಾಯಿಸ್ಕೊಳಮ್ಮ. ನಿಮ್ಮತ್ತೆ ಮುಂದೆ ನನ್ ಮಾನ ಮಾತ್ರ ಕಳೀಬೇಡ" ಎಂದರು.

ಅಕ್ಕನ ಸ್ನಾನ ಮುಗಿದು ಎರಡನೆಯ ಹಂಡೆ ಕಾದಾಗ, ಅವಳು ಅಮ್ಮನನ್ನು ಬಚ್ಚಲಿಗೆ ತಳ್ಳಿ ನನ್ನ ಕೈಗೆ ಚೊಂಬು ಕೊಟ್ಟಳು. ನಾನು ಅಮ್ಮನ ಸೊಂಟಕ್ಕೆ ನೀರು ಬಿಟ್ಟೆ. ಮೊದಲ ಚೊಂಬು ಬಿದ್ದದ್ದೇ ತಡ, ಅಮ್ಮನ ಕೈ ತಾನಾಗಿ ತಣ್ಣೀರಿನ ಬಕೆಟ್ಟಿನ ಕಡೆ ಹೋಯಿತು, ಹಂಡೆಗೆ ಸುರಿಯಲು. ನಾನು ಆ ಕೈ ಹಿಡಿದುಕೊಂಡೆ. ಅಪ್ಪನ ಮೇಲೆ ಬಂದ ಸಿಟ್ಟಿಗೆ ಆ ಹಂಡೆಯನ್ನು ಅವರ ತಲೆಯ ಮೇಲೆಯೇ ಬೋರಲು ಹಾಕಬೇಕೆನಿಸಿತು.

ಅಮ್ಮ ಕಣ್ಣು ಮುಚ್ಚಿ ಸೊಂಟವನ್ನು ನೀರಿಗೆ ಒಡ್ಡಿದಳು. ಆಮೇಲೆ, "ಹಿಂಗೆ ಬಿಸೀನೀರು ಹುಯ್ಕೊಂಡು ಎಷ್ಟು ವರ್ಷ ಆಯ್ತೋ" ಎಂದಳು.

"ಎಷ್ಟಮ್ಮಾ?"

"ನಿಂಗೀಗ ವಯಸ್ಸೆಷ್ಟೇ?"

"ಹದಿನಾರು."

"ಅಷ್ಟೇ ಕಣೇ. ಇನ್ನೊಂದ್ ಚೊಂಬು ಬಿಡು."