ಒಂಬತ್ತು ಎಂದವರು ಯಾರು?

ವಿಚಿತ್ರ ಅನುಭವ ಅಂತ ಯಾರಾದರೂ ಶುರುಮಾಡಿದರೆ ನನಗೆ ನಗು ಬರುತ್ತಿತ್ತು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿದ್ದಾಗ ರೂಮ್‌ಮೇಟ್‌ಗಳು ದೆವ್ವದ ಕಥೆ ಹೇಳಿದರೆ, ಆ ದೆವ್ವ ಆಸ್ಟ್ರೇಲಿಯಾದಲ್ಲಿ ಕಾಯಂ ಉಳಿಯುವ ಪಿಆರ್ ವೀಸಾಗಾಗಿ ಗೋಗರೆಯುವ ಹಾಗೆ ದನಿ ತೆಗೆದು ಕಥೆಯನ್ನೇ ಕೆಡಿಸುತ್ತಿದ್ದೆ. ನನ್ನ ಸ್ವಂತ ದನಿ ಕೀರಲು. ಅದಕ್ಕೇ ಊರವರ ದನಿಗಳ ಮಿಮಿಕ್ರಿಯಲ್ಲೇ ಕಾಲ ಹಾಕುತ್ತಿದ್ದೆ. ಇಂಥವನ ಮಾತನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಯಾರೂ ನಂಬಿಲ್ಲ.

ಮೆಲ್ಬರ್ನ್‌ಗೆ ಬಂದ ವರ್ಷ, ಅಲ್ಲಿನ ಕ್ರೇಗಿಬರ್ನ್ ಬಡಾವಣೆಯ ಹನ್ನೆರಡು ಜನ ಕನ್ನಡಿಗರು ಒಂದು ಭಾನುವಾರ ಆರಿಹೋದ ಜ್ವಾಲಾಮುಖಿ ಬೆಟ್ಟವೊಂದಕ್ಕೆ ಚಾರಣ ಹೋದೆವು. ಕಪ್ಪು ಲಾವಾ ಕಲ್ಲುಗಳ ಸಂದಿಸಂದಿಯಲ್ಲೂ ಹಳದಿ ಕಾಡುಹೂ. ಫೋನಿಗೆ ಸಿಗ್ನಲ್ ಇರಲಿಲ್ಲ. ಮುಂದಾಳು ಕಿರಣ್ ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟಿದ್ದ. ನಿಂತಲ್ಲೆಲ್ಲ ಅವರವರ ನಂಬರ್ ಅವರವರೇ ಕೂಗಬೇಕು. ಮಂಡ್ಯದ ಶಿವಣ್ಣ ಅಂಕಲ್ ಒಂಬತ್ತು, ನಾನು ಹನ್ನೆರಡು.

ಮೊದಲ ಎಣಿಕೆಯಲ್ಲೇ ಅಂಕಲ್‌ಗಿಂತ ಮುಂಚೆ ಅವರದೇ ಗಡಸು ದನಿಯಲ್ಲಿ "ಒಂಬತ್ತೂ" ಎಂದೆ. ಎಲ್ಲರೂ ನಕ್ಕರು.

"ಲೇ, ನನ್ ಗಂಟ್ಲು ನಂಗೇ ಬುಡ್ಲಾ," ಎಂದು ಅಂಕಲ್ ಬೆನ್ನಿಗೆ ಗುದ್ದಿದರು.

ಅವರ ಹೆಂಡತಿ ಸುಧಾ ಆಂಟಿ, "ಮನೇಲೂ ಇವರ ಬದ್ಲು ನೀನೇ ಮಾತಾಡಪ್ಪ, ನೀನಾದ್ರೂ ಹೂಂ ಅಂತೀಯ," ಎಂದರು.

ಬೆಟ್ಟದ ತುದಿಯ ಕುಳಿಯ ಅಂಚು ಬಳಸಿ ಕಾರುಗಳ ಹತ್ತಿರ ಇಳಿದಾಗ ಕಿರಣ್ ಕೊನೆಯ ಎಣಿಕೆ ಮಾಡಿಸಿದ. ನಾನು ಬಗ್ಗಿ ಶೂ ಬಿಚ್ಚುತ್ತಿದ್ದೆ, ಬಾಯ್ತುಂಬ ಚಕ್ಕುಲಿ. ಎಂಟು ಆಯಿತು. ನನ್ನ ಪಕ್ಕದಲ್ಲೇ ಅಂಕಲ್ ದನಿ: "ಒಂಬತ್ತೂ." ಸ್ವಲ್ಪ ಏದುಸಿರು. ತಲೆ ಎತ್ತಿ ನೋಡಲಿಲ್ಲ. ಹತ್ತು, ಹನ್ನೊಂದು, ಚಕ್ಕುಲಿ ನುಂಗಿ ನಾನೂ ಹನ್ನೆರಡು ಎಂದೆ.

ಅರ್ಧ ಗಂಟೆಯ ಮೇಲೆ ಆಂಟಿ ಪುಳಿಯೋಗರೆ ತಟ್ಟೆ ಹಿಡಿದು, "ಇವರೆಲ್ಲಿ?" ಎಂದರು.

ಅಂಕಲ್ ಇರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ನಾನಲ್ಲ. ಬಾಯಲ್ಲಿ ಚಕ್ಕುಲಿ ಇತ್ತು ಕಣ್ರೋ!"

"ಸಾಕ್ ಮುಚ್ಚೋ," ಎಂದ ಕಿರಣ್. "ಈಗ್ಲೂ ತಮಾಷೆನಾ?"

ಹುಡುಕುತ್ತ ಮತ್ತೆ ಹತ್ತಿದಾಗ ಅಂಕಲ್ ಕುಳಿಯ ಆಚೆ ಬದಿಯಲ್ಲಿ ಸಿಕ್ಕರು. ಹೂವಿನ ಫೋಟೋ ತೆಗೆಯಲು ಬಗ್ಗಿದವರ ಕಾಲು ಕಲ್ಲುಸಂದಿಗೆ ಜಾರಿ ಮುರಿದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಪಾದ ನೀಲಿಯಾಗಿತ್ತು. ಇನ್ನೂ ಮೊದಲೇ ತಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರ್. ಕಾಲು ಉಳಿಯಿತು, ಪಾದಕ್ಕೆ ಸ್ಪರ್ಶಜ್ಞಾನ ಮರಳಲಿಲ್ಲ.

ಎಷ್ಟು ಜನರ ಮುಂದೆ ಆಣೆ ಇಟ್ಟೆನೋ. ನಾನು ಅಳುವುದನ್ನೂ ಮಿಮಿಕ್ರಿ ಎಂದುಕೊಂಡರು. ಕೊನೆಗೆ ನನಗೇ ಅನುಮಾನ ಶುರುವಾಯಿತು.

ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ, ಅಂಕಲ್ ಮಂಚದ ಪಕ್ಕ, ಆಂಟಿ ನನ್ನ ಕೈ ಹಿಡಿದುಕೊಂಡರು. "ಒಂದೇ ಒಂದ್ಸಲ ನಿಜ ಹೇಳ್ಬಿಡಪ್ಪ. ಬೈಯಲ್ಲ. ಯಾರು ಅಂತ ಗೊತ್ತಾಗ್ದೆ ನಂಗೆ ನಿದ್ದೆ ಬರ್ತಿಲ್ಲ."

ಆ ಮುಖ ನೋಡಲಾಗಲಿಲ್ಲ. "ನಾನೇ ಆಂಟಿ," ಎಂದುಬಿಟ್ಟೆ. ಅವರು ಅತ್ತರು, ನನ್ನ ತಲೆ ಸವರಿದರು, ಕಾಫಿ ತರಲು ಹೋದರು.

ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದ ಅಂಕಲ್ ಕಣ್ಣು ಬಿಟ್ಟರು.

"ಯಾಕ್ಲಾ ಸುಳ್ಳೇಳ್ದೆ?"

"ಮತ್ಯಾರು ಅಂಕಲ್?"

ಅವರು ಗೋಡೆ ಕಡೆ ತಿರುಗಿಕೊಂಡರು. ಇವತ್ತಿಗೂ ಅವರು ಹೇಳಿಲ್ಲ. ಮತ್ತೆ ಕೇಳುವ ಧೈರ್ಯ ನನಗೂ ಬಂದಿಲ್ಲ.