ಬದುವಿನ ಮೇಲೆ ನಿಂತವರು

“ಅವಗ ಇನ್ನೂ ಎರಡು ಸಲ ಕೊಡಬೇಕಿತ್ರಿ ಸರ್!” ಗಂಗಾವತಿ ಬಸ್ಸಿನಲ್ಲಿ ನನ್ನ ಬ್ಯಾಸ್ಕೆಟ್‌ಬಾಲ್ ಹುಡುಗಿಯರು ಅಮೆರಿಕದ ಆಟಗಾರನೊಬ್ಬನ ‘ಅತ್ಯುತ್ತಮ ಆಟಗಾರ’ ಪ್ರಶಸ್ತಿಗಳ ಬಗ್ಗೆ ಜಗಳಕ್ಕೇ ಬಿದ್ದಿದ್ದರು. ಭತ್ತದ ನಾಟಿಗೆ ಹೊರಟಿದ್ದ ಅಜ್ಜಿಯೊಬ್ಬರು ನನ್ನತ್ತ ತಿರುಗಿದರು.

“ಅದನ್ನ ಕೊಡೋರು ಯಾರ್ರೀ?”

“ಆಟ ನೋಡಿ ಪೇಪರಿಗೆ ಬರಿಯೋ ಮಂದಿ, ಯವ್ವಾ.”

“ಬದುವಿನ ಮ್ಯಾಲ ನಿಂತವ್ರಿಗೆ ಏನ್ ಗೊತ್ತಾಗತೈತ್ರಿ? ಸಸಿ ಛಲೋ ಹಚ್ಚಾಕಿ ಯಾರಂತ ಮಗ್ಗಲದಾಗ ಹಚ್ಚೋ ಹೆಂಗಸರನ್ನ ಕೇಳಬೇಕು.”

ಮುಂದಿನ ತಾಲ್ಲೂಕು ಪಂದ್ಯದಲ್ಲಿ ಅತ್ಯುತ್ತಮ ಆಟಗಾರ್ತಿಯನ್ನು ಆರಿಸುವ ಕೆಲಸ ನನಗೇ ಬಂತು. ಹದಿನೈದು ವರ್ಷ ಕುರ್ಚಿಯಲ್ಲಿ ಕೂತೇ ಆರಿಸಿದವನು ಮೊದಲ ಸಲ ಎದ್ದುಹೋಗಿ, ಸೋತ ತಂಡದವರನ್ನು ಕೇಳಿದೆ. ಎಲ್ಲರೂ ಗೆದ್ದ ತಂಡದ ಒಬ್ಬಳನ್ನೇ ತೋರಿಸಿ, “ಈಕಿನ್ನ ದಾಟಿ ಹೋಗಾಕ ಆಗ್ಲಿಲ್ರಿ” ಎಂದರು. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆಯಿತ್ತು.